ಮುಟ್ಟದ ಯಂತ್ರ, ಮುಸುರೆ ಕೈ

(ಬಾನುಲಿ ಭಾಷಣ)

ಅಡುಗೆಮನೆಗೆ ಹೊಸದಾಗಿ ಬಂದಿರುವ ಒಂದು ಯಂತ್ರದ ವಿಷಯ ಇವತ್ತು ಮಾತಾಡುತ್ತೇನೆ. ಅದು ರುಬ್ಬುವುದಿಲ್ಲ. ಬೇಯಿಸುವುದಿಲ್ಲ. ತಣ್ಣಗೂ ಇಡುವುದಿಲ್ಲ. ಕೈ ಒಡ್ಡಿದರೆ ಒಂದು ತುಂಡು ಕಾಗದ ಕೊಡುತ್ತದೆ. ಅಷ್ಟೇ ಅದರ ಕೆಲಸ.

ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಗೋಡೆಗೆ ಅಡ್ಡಲಾಗಿ ಕೂರಿಸಿದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಎಂದುಕೊಳ್ಳಿ. ಉದ್ದ ಒಂದು ಮೊಳಕ್ಕಿಂತ ಕಡಿಮೆ. ಒಳಗೆ ಕಿಚನ್ ಟಿಶ್ಯೂ ರೋಲು. ಕೆಳಗೊಂದು ಸೀಳು. ಸೀಳಿನ ಪಕ್ಕದಲ್ಲಿ ಕಪ್ಪು ಗಾಜಿನ ಒಂದು ಚುಕ್ಕೆ. ಆ ಚುಕ್ಕೆಯ ಹತ್ತಿರ ಕೈ ತಂದರೆ ಗುರ್ರ್ ಎನ್ನುವ ಸದ್ದು. ಒಂದು ಗೇಣು ಕಾಗದ ಹೊರಗೆ ಇಳಿಯುತ್ತದೆ. ಹರಿದುಕೊಳ್ಳುತ್ತೀರಿ, ಒರೆಸಿಕೊಳ್ಳುತ್ತೀರಿ. ಪೆಟ್ಟಿಗೆಯನ್ನು ನೀವು ಮುಟ್ಟಲೇ ಇಲ್ಲ.

ಇಂಥದ್ದನ್ನು ನೀವು ವಿಮಾನ ನಿಲ್ದಾಣದಲ್ಲೋ ಆಸ್ಪತ್ರೆಯಲ್ಲೋ ಬೆಂಗಳೂರಿನ ಸಂಪಿಗೆ ರಸ್ತೆಯ ಮಾಲಿನಲ್ಲೋ ನೋಡಿರಬಹುದು. 2020ರಲ್ಲಿ ಕೊರೊನಾ ಬಂತು. ಗುಡಿಯ ಬಾಗಿಲಲ್ಲೂ ಕೈಯೊಡ್ಡಿದರೆ ಸ್ಯಾನಿಟೈಸರ್ ಸುರಿಯುವ ಡಬ್ಬಿ ನಿಂತಿತು. ಆಮೇಲೆ ಈ ಕಾಗದದ ಪೆಟ್ಟಿಗೆ ಮನೆಯೊಳಕ್ಕೂ ಬಂತು. ನಮ್ಮ ಮಲ್ಲೇಶ್ವರಂ ಬಡಾವಣೆಯಲ್ಲಿ ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಿಗೇನೂ ಬರ ಇಲ್ಲ. ಕೆಲವು ಪೆಟ್ಟಿಗೆಗಳು ಆ ಮಕ್ಕಳ ಸೂಟ್‌ಕೇಸಿನಲ್ಲೇ ಇಳಿದವು.

ಇದು ನಮಗೆ ಬೇಕೆ? ಬೇಕಾದರೆ ಯಾತಕ್ಕೆ? ಇವತ್ತಿನ ಮಾತು ಇಷ್ಟರ ಸುತ್ತಲೇ.

ಮೊದಲು ಒಂದು ವಿಷಯ ಒಪ್ಪಿಕೊಳ್ಳೋಣ. ಯಂತ್ರ ಹೊರಗಿನದು, ಅದರ ಹಿಂದಿನ ನಿಯಮ ನಮ್ಮ ಅಡುಗೆಮನೆಗೆ ಹೊಸದಲ್ಲ. ಹಳೆಯ ಮಲ್ಲೇಶ್ವರಂ ಮನೆಯೊಂದರಲ್ಲಿ ಬೆಳೆದವರನ್ನು ಕೇಳಿ ನೋಡಿ. ಅನ್ನ ಬಡಿಸಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟುವಂತಿಲ್ಲ. ಹುಳಿ ಬಡಿಸಿದ ಕೈಯಲ್ಲಿ ತುಪ್ಪದ ಗಿಂಡಿ ಎತ್ತುವಂತಿಲ್ಲ. ಕೈ ಮುಸುರೆ. ಒಂದಿಷ್ಟು ನೀರು ಮುಟ್ಟಿಸಿಕೊಂಡೇ ಮುಂದಿನ ಕೆಲಸ. ನಲ್ಲಿ ತಿರುಗಿಸುವುದು ಮಣಿಕಟ್ಟಿನಿಂದ. ಡಬ್ಬಿ ಮುಚ್ಚುವುದು ಮೊಣಕೈಯಿಂದ. ಅದೂ ಆಗದಿದ್ದರೆ ಹಜಾರದಲ್ಲಿ ಓದಿಕೊಳ್ಳುತ್ತಿರುವ ಮಗುವಿಗೆ ಕರೆ ಹೋಗುತ್ತದೆ: "ಬಾರೋ ಪುಟ್ಟ, ಭರಣಿ ಮುಚ್ಚಳ ತೆಗಿ, ನನ್ನ ಕೈ ಮುಸುರೆ." ಆ ಕಾಲದ ಸೆನ್ಸರ್ ಎಂದರೆ ಮನೆಯ ಮಗುವೇ!

ನಮ್ಮ ಪಕ್ಕದ ಕ್ರಾಸಿನ ಒಂದು ಮನೆಗೆ ಈ ಪೆಟ್ಟಿಗೆ ಬಂದ ದಿನ ಅಲ್ಲಿನ ಹಿರಿಯರು ಕೈಯೊಡ್ಡಿ ನೋಡಿದರು. ಕಾಗದ ಬಂತು.

"ಮುಟ್ಟದೆ ತಾನಾಗೇ ಬರತ್ತೆ ಅಂದ್ರೆ, ಮಡಿಗೂ ಆಗತ್ತೆ ಬಿಡು" ಅಂದರು.

ಸೊಸೆ ನಗುತ್ತಾ ಕೇಳಿದಳು. "ಒಳಗಡೆ ಸೆಲ್ ಇದೆಯಲ್ಲಾ ಅತ್ತೆ, ಅದು ಮೈಲಿಗೆ ಅಲ್ವಾ?"

"ಸೆಲ್ಲನ್ನ ನಾನೆಲ್ಲಿ ಮುಟ್ಟಿದೆ?"

ಈ ತೀರ್ಪಿನ ಮೇಲೆ ಅಪೀಲು ಇಲ್ಲ.

ಮಡಿಯ ಲೆಕ್ಕ ಹಾಗಿರಲಿ. ಮುಸುರೆಯ ನಿಯಮದಲ್ಲಿ ಒಂದು ವಿವೇಕ ಇದೆ. ಬೆಂದ ಅನ್ನದ ಅಗುಳು ಹುಳಿಯುವ ಪದಾರ್ಥ, ನೀರಿನ ಪಸೆ ಹುಳಿಸುವ ಪದಾರ್ಥ. ಇವು ಇನ್ನೊಂದು ಪಾತ್ರೆಗೆ ಬಿದ್ದರೆ ಅದರಲ್ಲಿರುವುದೂ ಕೆಡುತ್ತದೆ. ಉಪ್ಪಿನಕಾಯಿ ಭರಣಿಯನ್ನು ನೆನಪಿಸಿಕೊಳ್ಳಿ. ಎಂಟನೇ ಕ್ರಾಸಿನ ಮಾರುಕಟ್ಟೆಗೆ ಮಾವಿನಕಾಯಿ ಬರುತ್ತದೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಹರಡುತ್ತೇವೆ. ಈಳಿಗೆಮಣೆ ಒರೆಸುತ್ತೇವೆ. ಭರಣಿಯನ್ನು ಬಿಸಿಲಿಗೆ ಇಡುತ್ತೇವೆ. ಇಷ್ಟೆಲ್ಲ ಮಾಡಿ ಆಮೇಲೆ ಯಾರೋ ಒಬ್ಬರು ಒದ್ದೆ ಕೈ ಹಾಕಿದರೆ ವಾರದೊಳಗೆ ಮೇಲೆ ಬೂಷ್ಟು. ವರ್ಷದ ಉಪ್ಪಿನಕಾಯಿ ಮೋರಿಗೆ. ಉಪ್ಪು ಖಾರಗಳಿಗೆ ಬಗ್ಗದ ಬೂಷ್ಟಿಗೆ ಒಂದು ಹನಿ ನೀರು ಸಾಕು.

ಕೈ ತೊಳೆದರೆ ಸಾಲದು, ಒಣಗಬೇಕು. ಇದನ್ನು ಪ್ರಯೋಗಾಲಯವೂ ಹೇಳುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನ 1997ರಲ್ಲಿ ಪ್ರಕಟವಾಯಿತು. ತೊಳೆದ ಕೈಯಲ್ಲಿ ತೇವ ಉಳಿದಿದ್ದರೆ ಅದು ಮುಟ್ಟಿದ ಕಡೆಗೆಲ್ಲ ಬ್ಯಾಕ್ಟೀರಿಯಾ ದಾಟುತ್ತದೆ. ಒರೆಸಿ ಒಣಗಿಸಿದರೆ ಆ ದಾಟುವಿಕೆ ಬಹುಪಾಲು ನಿಲ್ಲುತ್ತದೆ. ಉಪ್ಪಿನಕಾಯಿ ಹಾಕುವ ಅಜ್ಜಿಯರಿಗೆ ಇದು ಹೊಸ ಸುದ್ದಿಯಲ್ಲ.

ಇಲ್ಲಿಯತನಕ ಹೇಳಿದ್ದು ಇಷ್ಟು. ಕೊಳೆಯಾದ ಕೈ ಬೇರೆಯದನ್ನು ಮುಟ್ಟಬಾರದು. ತೊಳೆದ ಕೈ ಒಣಗಿರಬೇಕು. ಈ ಎರಡೂ ನಮ್ಮ ಹಳೆಯ ನಿಯಮಗಳೇ. ಇನ್ನು, ಒಣಗಿಸುವುದಕ್ಕೆ ಬಟ್ಟೆ ಇದೆಯಲ್ಲ, ಕಾಗದ ಯಾಕೆ? ಈ ಪ್ರಶ್ನೆಗೆ ಬರೋಣ.

ಹಿಂದೆ ಅಡುಗೆಮನೆಯಲ್ಲಿ ಒಂದೇ ಬಟ್ಟೆ ಇರುತ್ತಿರಲಿಲ್ಲ. ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ. ಕಟ್ಟೆ ಒರೆಸಲು ಒಂದು. ತೊಳೆದ ಪಾತ್ರೆ ಒರೆಸಲು ಒಂದು. ಕೈಗೆ ಇನ್ನೊಂದು. ಎಲ್ಲವೂ ಹಳೆಯ ಪಂಚೆಯ ತುಂಡುಗಳು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆಯಷ್ಟು ಚೆನ್ನಾಗಿ ನೀರು ಹೀರುವ ಪದಾರ್ಥ ಮನೆಯಲ್ಲಿ ಬೇರೆ ಇಲ್ಲ. ಇವುಗಳಿಗೆ ನಿತ್ಯ ಒಗೆತ. ಹಿತ್ತಲಲ್ಲಿ ಒಗೆಯುವ ಕಲ್ಲು, ಅದರ ಮೇಲೆ ಬಿಸಿಲು.

ಈಗ ಆ ಹಿತ್ತಲು ಹೋಯಿತು. ಮನೆ ಒಡೆದು ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿತು. ಫ್ರಿಜ್ಜಿನ ಹಿಡಿಗೆ ಒಂದೇ ಬಟ್ಟೆ ನೇತಾಡುತ್ತಿದೆ. ಅದರಲ್ಲೇ ಕೈ, ಅದರಲ್ಲೇ ಕಟ್ಟೆ, ಅದರಲ್ಲೇ ತಟ್ಟೆ. ಒಗೆಯುವುದು ನೆನಪಾದಾಗ. ಆಷಾಢ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದು ಒಣಗುವುದೂ ಇಲ್ಲ. ಮುಗ್ಗಲು ವಾಸನೆ ಬರುವವರೆಗೂ ನಾವು ಅದನ್ನು ಗಮನಿಸುವುದೂ ಇಲ್ಲ.

ಮಾರಿಷಸ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಮುಂದಿಟ್ಟರು. ಒಂದು ತಿಂಗಳು ಬಳಸಿದ ನೂರು ಅಡುಗೆಮನೆ ಬಟ್ಟೆಗಳನ್ನು ಪರೀಕ್ಷಿಸಿದ್ದರು. ಸುಮಾರು ಅರ್ಧದಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು. ಒದ್ದೆಯಾಗಿಯೇ ಇದ್ದ ಬಟ್ಟೆ, ಹಲವು ಕೆಲಸಕ್ಕೆ ಬಳಸಿದ ಬಟ್ಟೆ, ದೊಡ್ಡ ಸಂಸಾರದ ಬಟ್ಟೆ, ಇವುಗಳಲ್ಲಿ ಹೆಚ್ಚು. ಬಟ್ಟೆ ಅಪರಾಧಿಯಲ್ಲ. ಬಟ್ಟೆಯನ್ನು ಒಗೆಯದ ನಾವು ಅಪರಾಧಿಗಳು. ಆದರೂ ಫಲ ಒಂದೇ.

ಕಾಗದದ ಪರವಾಗಿ ಇನ್ನೊಂದು ಮಾತು. ಬೋಂಡ, ಆಂಬೊಡೆ ಕರಿದು ಎಣ್ಣೆ ಬಸಿಯಲು ನಾವು ಹಳೆಯ ನ್ಯೂಸ್‌ಪೇಪರ್ ಹಾಸುತ್ತಿದ್ದೆವು. ಈಗಲೂ ಹಾಸುವವರಿದ್ದಾರೆ. ಇದು ಬೇಡ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಬಿಡುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಈ ಬಗ್ಗೆ ಎಚ್ಚರಿಸಿತು. 2023ರಲ್ಲಿ ಮತ್ತೆ ಹೇಳಿತು. ಸಂಪಾದಕೀಯ ಎಷ್ಟೇ ರುಚಿಯಾಗಿರಲಿ, ಆಂಬೊಡೆಗೆ ಅಂಟುವುದು ಬೇಡ. ಇಲ್ಲಿ ಬಿಳಿಯ ಕಿಚನ್ ಟಿಶ್ಯೂವೇ ಸರಿ.

ಈಗ ಯಂತ್ರಕ್ಕೆ ಬರುತ್ತೇನೆ. ಮುಸುರೆ ಕೈಗೂ ಎಣ್ಣೆ ಕೈಗೂ ಕಾಗದ ಬೇಕು ಅಂತ ಒಪ್ಪಿಕೊಂಡೆವು. ರೋಲನ್ನು ಒಂದು ಮರದ ಗೂಟಕ್ಕೆ ಸಿಕ್ಕಿಸಿದರೂ ಕಾಗದ ಸಿಗುತ್ತದೆ. ಸೆನ್ಸರ್ ಯಾತಕ್ಕೆ?

ಗೂಟದ ರೋಲಿನಿಂದ ಹಾಳೆ ಹರಿಯಲು ಎರಡು ಕೈ ಬೇಕು. ಒಂದು ಕೈ ರೋಲು ಅದುಮುತ್ತದೆ, ಒಂದು ಎಳೆಯುತ್ತದೆ. ಮೆಣಸಿನಪುಡಿ ಎಣ್ಣೆಯ ಕೈ ಮುಂದಿನ ಹಾಳೆಗೆ ಗುರುತು ಹಾಕಿಯೇ ಬರುತ್ತದೆ. ಯಂತ್ರ ಈ ತೊಂದರೆ ತಪ್ಪಿಸುತ್ತದೆ. ನಿಮ್ಮ ಕೈ ಮುಟ್ಟುವುದು ನಿಮ್ಮ ಹಾಳೆಯನ್ನಷ್ಟೇ.

ಕೆಲಸ ಮಾಡುವ ಬಗೆ ಸರಳ. ಕಪ್ಪು ಚುಕ್ಕೆಯ ಹಿಂದೆ ಒಂದು ಪುಟ್ಟ ದೀಪ ಇದೆ. ಅದು ಬೀರುವುದು ಅವಗೆಂಪು ಬೆಳಕು. ಟಿ.ವಿ. ರಿಮೋಟಿನಲ್ಲಿ ಇರುವುದೂ ಇದೇ. ಕಣ್ಣಿಗೆ ಕಾಣುವುದಿಲ್ಲ. ಕೈ ಹತ್ತಿರ ಬಂದಾಗ ಬೆಳಕು ಅದಕ್ಕೆ ತಾಗಿ ಹಿಂದಿರುಗುತ್ತದೆ. ಪಕ್ಕದಲ್ಲಿರುವ ಸೆನ್ಸರ್ ಅದನ್ನು ಹಿಡಿಯುತ್ತದೆ. ಮೋಟಾರ್ ತಿರುಗುತ್ತದೆ, ಕಾಗದ ಇಳಿಯುತ್ತದೆ. ಮುಂದೆ ನಿಂತದ್ದು ಕೈಯೋ ಸೌಟೋ ಅದಕ್ಕೆ ಗೊತ್ತಾಗದು. ಬೆಳಕು ಹಿಂದಿರುಗಿದರೆ ಸಾಕು. ಹಾಗಾಗಿ ಓಡಾಡುವ ದಾರಿಯಲ್ಲಿ ಇಟ್ಟರೆ ಯಾರು ಹಾದರೂ ಒಂದು ಗೇಣು ಕಾಗದ ದಂಡ.

ಒಲೆಯ ಹತ್ತಿರವೂ ಇಡಬೇಡಿ. ಅಲ್ಲಿ ಬೆಂಕಿಯ ಭಯವಿದೆ, ಅದು ಮೊದಲ ಮಾತು. ಕುಕ್ಕರಿನ ಹಬೆ ರೋಲನ್ನು ಮೆತ್ತಗೆ ಮಾಡುತ್ತದೆ. ಒಗ್ಗರಣೆಯ ಜಿಡ್ಡು ಕಪ್ಪು ಚುಕ್ಕೆಯ ಮೇಲೆ ಕೂರುತ್ತದೆ. ಆಮೇಲೆ ಯಂತ್ರ ಕುರುಡು. ಆಗಾಗ ಒಣಬಟ್ಟೆಯಲ್ಲಿ ಆ ಚುಕ್ಕೆಯನ್ನು ಒರೆಸಿ. ಹೌದು, ಕಾಗದದ ಯಂತ್ರಕ್ಕೂ ಬಟ್ಟೆ ಬೇಕು.

ಅಮೆರಿಕದಿಂದ ತರಿಸುವವರಿಗೆ ಎರಡು ಎಚ್ಚರಿಕೆ. ಅಲ್ಲಿನ ರೋಲಿನ ಅಗಲ ಸುಮಾರು 28 ಸೆಂಟಿಮೀಟರ್. ನಮ್ಮ ಅಂಗಡಿಯ ರೋಲು 20ರ ಆಚೀಚೆ. ಆ ಪೆಟ್ಟಿಗೆಯಲ್ಲಿ ನಮ್ಮ ರೋಲು ಸಡಿಲವಾಗಿ ಓರೆಯಾಗಿ ಸುತ್ತಬಹುದು. ಎರಡನೆಯದು ಕರೆಂಟು. ಅಲ್ಲಿ 120 ವೋಲ್ಟ್, ಇಲ್ಲಿ 230. ಅಡಾಪ್ಟರಿನ ಮೇಲೆ 100ರಿಂದ 240 ಎಂದು ಬರೆದಿದೆಯೇ ಓದಿ, ಆಮೇಲೆ ಚುಚ್ಚಿ. ಸೆಲ್ ಹಾಕುವ ಮಾದರಿಯಾದರೆ ಈ ತಾಪತ್ರಯ ಇಲ್ಲ. ಊರಿಗೆ ಹೋಗುವಾಗ ಸೆಲ್ ತೆಗೆದಿಡಿ. ಒಳಗೇ ಸೋರಿದರೆ ತಗಡಿನ ಪಟ್ಟಿ ಹಾಳು.

ಈ ಯಂತ್ರದಿಂದ ನಿಜವಾಗಿ ಅನುಕೂಲ ಯಾರಿಗೆ? ಮಲ್ಲೇಶ್ವರಂ ಹಿರಿಯರ ಬಡಾವಣೆ. ಸಂಧಿವಾತದಿಂದ ಬೆರಳು ಮಡಚಲಾಗದವರು ಇದ್ದಾರೆ. ಪಾರ್ಶ್ವವಾಯುವಾಗಿ ಒಂದೇ ಕೈ ಆಡುವವರಿದ್ದಾರೆ. ಒದ್ದೆ ಬಟ್ಟೆ ಹಿಂಡುವುದು ಅವರಿಂದಾಗದು. ರೋಲನ್ನು ಅದುಮಿ ಹಾಳೆ ಹರಿಯುವುದೂ ಕಷ್ಟ. ಯಂತ್ರ ಹಾಳೆಯನ್ನು ಕೈಗೇ ಇಳಿಸಿಕೊಟ್ಟರೆ, ಹಲ್ಲಿನಂಥ ಅಂಚಿಗೆ ಎಳೆದು ಒಂದೇ ಕೈಯಲ್ಲಿ ಹರಿದುಕೊಳ್ಳಬಹುದು. ಇಂಥವರ ಮನೆಯಲ್ಲಿ ಇದನ್ನು ಶೋಕಿ ಎನ್ನಲಾರೆ. ಉಳಿದವರ ಮನೆಯಲ್ಲಿ ಅರ್ಧ ಶೋಕಿ ಎಂದೇ ನನ್ನ ಅಭಿಪ್ರಾಯ.

ಯಂತ್ರದ ಗುಣ ಆಯಿತು, ಇಡುವ ಜಾಗ ಆಯಿತು. ಇನ್ನು ಖರ್ಚು. ಯಂತ್ರಕ್ಕೆ ಒಮ್ಮೆ ಕೊಡುವ ದುಡ್ಡಿಗಿಂತ ಅದು ತಿನ್ನುವ ಕಾಗದದ ದುಡ್ಡು ಮುಖ್ಯ.

ಒಂದು ರೋಲಿನಲ್ಲಿ 60 ಹಾಳೆ, ಬೆಲೆ 70 ರೂಪಾಯಿ ಎಂದಿಟ್ಟುಕೊಳ್ಳಿ. ಹಾಳೆಗೆ ಒಂದು ರೂಪಾಯಿಯ ಮೇಲೆ ಚಿಲ್ಲರೆ. ನಾಲ್ಕು ಜನರ ಸಂಸಾರ. ಕೈ ತೊಳೆದಾಗಲೆಲ್ಲ ಯಂತ್ರಕ್ಕೆ ಕೈಯೊಡ್ಡಿದರೆ ದಿನಕ್ಕೆ 20 ಹಾಳೆ. ಮೂರು ದಿನಕ್ಕೆ ಒಂದು ರೋಲು. ತಿಂಗಳಿಗೆ 700 ರೂಪಾಯಿ. ಅದೇ ಎಣ್ಣೆ ಕೈಗೆ, ಉಪ್ಪಿನಕಾಯಿ ಹೊತ್ತಿಗೆ, ಮೊಟ್ಟೆ ಮೀನು ಮಾಂಸ ಮುಟ್ಟಿದ ಮೇಲೆ ಮಾತ್ರ ಎಂದು ನಿಯಮ ಮಾಡಿಕೊಳ್ಳಿ. ದಿನಕ್ಕೆ ನಾಲ್ಕೈದು ಹಾಳೆ ಸಾಕು. ಖರ್ಚು 200ರೊಳಗೆ. ಯಂತ್ರ ಈ ನಿಯಮ ಕಲಿಸುವುದಿಲ್ಲ. ಚಿಟಿಕೆ ನೀರಿಗೂ ಅದು ಕೊಡುವುದು ಒಂದು ಗೇಣು, ಬಟ್ಟಲು ಎಣ್ಣೆ ಚೆಲ್ಲಿದರೂ ಒಂದು ಗೇಣು. ಎಷ್ಟು ಬೇಕೆಂದು ಅಳೆಯುವುದು ನಮ್ಮ ಕೆಲಸವೇ.

ಕಾಗದಕ್ಕೆ ಮರ ಬೇಕು. ಕಾಗದ ತಯಾರಿಕೆಗೆ ನೀರೂ ಬೇಕು. ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಅದು ಹುಟ್ಟಿದ್ದು ಭದ್ರಾ ನದಿಯ ಪಕ್ಕದಲ್ಲಿ, ಮಲೆನಾಡಿನ ಬಿದಿರಿಗೆ ಹತ್ತಿರದಲ್ಲಿ. ದಾಂಡೇಲಿಯ ಕಾರ್ಖಾನೆ ಕಾಳಿ ನದಿಯ ದಡದಲ್ಲಿ. ಕಾಗದ ಎಲ್ಲಿದೆಯೋ ಅಲ್ಲಿ ಕಾಡು ಇದೆ, ಹೊಳೆ ಇದೆ.

"ಬಟ್ಟೆ ಒಗೆಯುವುದಕ್ಕೂ ನೀರು ಬೇಕಲ್ಲ?" ಎನ್ನುತ್ತೀರಿ. ನ್ಯಾಯವಾದ ಪ್ರಶ್ನೆ. ನಮ್ಮ ನಲ್ಲಿಗೆ ಮೊದಲು ಹೆಸರಘಟ್ಟದ ನೀರು ಬರುತ್ತಿತ್ತು. ಆಮೇಲೆ ತಿಪ್ಪಗೊಂಡನಹಳ್ಳಿಯದು. 1974ರಿಂದ ಕಾವೇರಿ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ ಐದು ಸಾವಿರ ರೂಪಾಯಿ ದಂಡ ಹಾಕಿತು. ಅಷ್ಟು ದುಬಾರಿ ನೀರು. ಆದರೂ ಈ ವಾದ ನಿಲ್ಲುವುದಿಲ್ಲ. ಅಂಗೈಯಗಲದ ಆರು ಬಟ್ಟೆತುಂಡುಗಳನ್ನು ಮನೆಯ ಬಟ್ಟೆಯ ಜೊತೆ ಮೆಶಿನ್ನಿಗೆ ಹಾಕಿದರೆ ಬೇರೆ ನೀರು ಬೇಕಾಗುವುದಿಲ್ಲ. ತೊಳೆದ ಶುಭ್ರ ಕೈಗೆ ಬಟ್ಟೆಯೇ ಸಾಕು. ದಿನಕ್ಕೊಂದು ಬಟ್ಟೆ ಬದಲಿಸಿದರೆ ಮಾರಿಷಸ್ಸಿನ ಭಯವೂ ಇಲ್ಲ.

ಹಾಗಾದರೆ ಲೆಕ್ಕ ಹೀಗೆ ನಿಂತಿತು. ಕೊಳೆ ಕೈಗೆ ಕಾಗದ, ತೊಳೆದ ಕೈಗೆ ಬಟ್ಟೆ. ಈಗ ಉಳಿದಿರುವುದು ಒಂದು ವಿಷಯ. ಇದೇ ನನಗೆ ಮುಖ್ಯ. ನಾವು ಮುಟ್ಟದೇ ಬಿಟ್ಟದ್ದನ್ನು ಯಾರು ಮುಟ್ಟುತ್ತಾರೆ?

ಒರೆಸಿದ ಕಾಗದ ಬುಟ್ಟಿಗೆ ಬಿತ್ತು. ಮನೆಗೆಲಸಕ್ಕೆ ಬರುವಾಕೆ ಬುಟ್ಟಿ ಎತ್ತುತ್ತಾಳೆ. ಬೆಳಿಗ್ಗೆ ಆಟೋ ಟಿಪ್ಪರ್ ಬರುತ್ತದೆ. ಪೌರಕಾರ್ಮಿಕರು ಅದನ್ನು ಸುರಿದುಕೊಳ್ಳುತ್ತಾರೆ. ನಾವು ಬೇರ್ಪಡಿಸದಿದ್ದರೆ ಅವರು ಬೇರ್ಪಡಿಸಬೇಕು. ಎಷ್ಟೋ ಸಲ ಕೈಯಲ್ಲೇ.

ಮಲ್ಲೇಶ್ವರಂಗೆ ಈ ಪ್ರಶ್ನೆ ಹಳೆಯದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಿದ್ದರು. ಮಲ್ಲೇಶ್ವರಂ, ಬಸವನಗುಡಿ ಬಡಾವಣೆಗಳು ತುಂಬಿದವು. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಸುತ್ತ ಖಾಲಿ ಜಾಗ, ಎಲ್ಲವೂ ಅಂಟುರೋಗದ ಭಯ ಕಲಿಸಿದ್ದು. ಮನೆಗಳ ಹಿಂದೆ ಕಿರಿದಾದ ಓಣಿಗಳನ್ನೂ ಬಿಟ್ಟರು. ಕನ್ಸರ್ವೆನ್ಸಿ ಲೇನ್ ಎಂದು ಹೆಸರು. ಮನೆಯವರ ಮಲ ಹೊರುವವರು ಆ ಓಣಿಯಲ್ಲಿ ಬಂದು ಆ ಓಣಿಯಲ್ಲೇ ಹೋಗುತ್ತಿದ್ದರು. ಮುಂಬಾಗಿಲಲ್ಲಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಮನೆಯವರು ಮುಟ್ಟದ್ದನ್ನು ಅವರು ಮುಟ್ಟುತ್ತಿದ್ದರು. ಅವರನ್ನು ಮನೆಯವರು ಮುಟ್ಟುತ್ತಿರಲಿಲ್ಲ. ತಲೆಯ ಮೇಲೆ ಮಲ ಹೊರುವ ಆ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಓಣಿಗಳಲ್ಲಿ ಕೆಲವು ಇನ್ನೂ ಇವೆ. ಸಂಜೆ ಎಂಟನೇ ಕ್ರಾಸಿನಿಂದ ಅಡ್ಡದಾರಿ ಹಿಡಿಯುವವರು ಅವುಗಳಲ್ಲೇ ನಡೆಯುತ್ತಾರೆ.

ಈ ಚರಿತ್ರೆ ಗೊತ್ತಿರುವ ಊರಿನಲ್ಲಿ, ನನ್ನ ಕೈ ಏನನ್ನೂ ಮುಟ್ಟದ ಯಂತ್ರ ಎಂದು ಬೀಗುವ ಮೊದಲು ಬುಟ್ಟಿಯ ಕಡೆ ನೋಡಬೇಕು.

ಹೈಕೋರ್ಟು 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಒಂದು ಕ್ರಮ ವಿಧಿಸಿತು. ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ. ಕೆಂಪು ಬುಟ್ಟಿಗೆ ಡಯಾಪರ್, ಬ್ಯಾಂಡೇಜು ಮುಂತಾದ್ದು. ಚೀಲಕ್ಕೆ ಒಣ ಕಸ. ಬಳಸಿದ ಕಿಚನ್ ಟಿಶ್ಯೂವನ್ನು ಬಹಳ ಮಂದಿ, ಕಾಗದ ತಾನೇ ಎಂದು ಒಣ ಕಸದ ಚೀಲಕ್ಕೆ ಹಾಕುತ್ತಾರೆ. ಅಲ್ಲಿ ಅದರ ಎಣ್ಣೆ ಒಳ್ಳೆಯ ಕಾಗದಕ್ಕೂ ಹತ್ತಿ, ಅದನ್ನೂ ಮರುಬಳಕೆಗೆ ಬಾರದಂತೆ ಮಾಡುತ್ತದೆ. ಕಮೋಡಿಗೆ ಹಾಕುವವರೂ ಇದ್ದಾರೆ. ಟಾಯ್ಲೆಟ್ ಪೇಪರ್ ನೀರಿನಲ್ಲಿ ಬಿಡಿಸಿಕೊಳ್ಳುತ್ತದೆ. ಕಿಚನ್ ಟಿಶ್ಯೂಗೆ ಒದ್ದೆಯಾದರೂ ಹರಿಯದಂತೆ ಒಂದು ಬಗೆಯ ರಾಳ ಸೇರಿಸಿರುತ್ತಾರೆ. ಅದು ಪೈಪಿನಲ್ಲಿ ಉಂಡೆಯಾಗಿ ಕೂರುತ್ತದೆ. ಅದನ್ನು ತೆಗೆಯಲು ಮತ್ತೆ ಯಾರನ್ನೋ ಕರೆಸುತ್ತೀರಿ.

ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ಅನ್ನ, ಸಾರು, ಎಣ್ಣೆ ಒರೆಸಿದ ಟಿಶ್ಯೂ ಹಸಿರು ಬುಟ್ಟಿಗೆ. ತರಕಾರಿ ಸಿಪ್ಪೆಯ ಜೊತೆ ಅದೂ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಬಿಡಿಯಾಗಿ ಹಾಕಿ. ಫಿನಾಯಿಲ್ ಒರೆಸಿದ್ದು, ರಕ್ತ ಒರೆಸಿದ್ದು, ಮೂಗು ಒರೆಸಿದ್ದು ಕೆಂಪು ಬುಟ್ಟಿಗೆ. ಅದನ್ನು ಹಳೆಯ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಬಿಚ್ಚಿ ನೋಡುವ ಕೆಲಸ ಇನ್ನೊಬ್ಬರಿಗೆ ಬರದಿರಲಿ. ಯಂತ್ರ ಕೊಳ್ಳುವವರು ಅದರ ಜೊತೆಗೇ ಈ ಎರಡು ಬುಟ್ಟಿಗಳನ್ನೂ ಕೊಳ್ಳಿ. ಮಲ್ಲೇಶ್ವರಂನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತವೆ. ಕಾಗದದ ಯಂತ್ರಕ್ಕಿಂತ ಬಹಳ ಅಗ್ಗ.